ಬರ್ಲಿನ್‌ನ ಆಲ್ಟೆ ನ್ಯಾಷನಲ್‌ಗ್ಯಾಲರಿ: ಮೇಲಿಂದ ಕೆಳಕ್ಕೆ ನೋಡಿ

ಬರ್ಲಿನ್‌ನ ಮ್ಯೂಸಿಯಂ ದ್ವೀಪಕ್ಕೆ ಹೋದವರು ಬೇರೆಲ್ಲ ಸುತ್ತಿ ಸುಸ್ತಾದ ಮೇಲೆ ಈ ಗ್ಯಾಲರಿಗೆ ಕಾಲಿಡುತ್ತಾರೆ. 19ನೇ ಶತಮಾನದ ಚಿತ್ರಕಲೆಯಲ್ಲಿ ಆಸಕ್ತಿ ಇದ್ದರೆ ಬೆಳಿಗ್ಗೆ ಮೊದಲು ಇಲ್ಲಿಗೇ ಬನ್ನಿ.

ಸೋಮವಾರ ರಜೆ. ಟಿಕೆಟ್ ಆನ್‌ಲೈನ್‌ನಲ್ಲೇ ತಗೊಂಡರೆ ಒಳ್ಳೆಯದು. ಯು5 ಮೆಟ್ರೊದಲ್ಲಿ ಮ್ಯೂಸಿಯಂ ದ್ವೀಪದ ನಿಲ್ದಾಣಕ್ಕೆ ಬಂದು ಸ್ವಲ್ಪ ನಡೆದರೆ ಗ್ರೀಕ್ ದೇವಾಲಯದಂಥ ಕಟ್ಟಡ ಸಿಗುತ್ತದೆ. 1876ರಲ್ಲಿ ತೆರೆದದ್ದು. ಕುದುರೆ ಏರಿದ ರಾಜನ ಪ್ರತಿಮೆ ಇರುವ ದೊಡ್ಡ ಮೆಟ್ಟಿಲು ಹತ್ತಲು ಹೋಗಬೇಡಿ. ಒಳಬಾಗಿಲು ಅದರ ಕೆಳಗಿದೆ. ದೊಡ್ಡ ಬ್ಯಾಗನ್ನು ಲಾಕರ್‌ನಲ್ಲಿಡಿ.

ಈಗ ನೇರ ಮೂರನೇ ಮಹಡಿಗೆ ಹೋಗಿ. ಶತಮಾನದ ಆರಂಭದ ಚಿತ್ರಗಳು ಅಲ್ಲಿವೆ, ಅಲ್ಲಿಂದ ಇಳಿಯುತ್ತಾ ಬನ್ನಿ. ಕಾಸ್ಪರ್ ಡೇವಿಡ್ ಫ್ರೀಡ್ರಿಕ್‌ನ ‘ಸಮುದ್ರ ತೀರದ ಸನ್ಯಾಸಿ’ಯನ್ನು (1808–10) ಹುಡುಕಿ. ಕ್ಯಾನ್ವಾಸಿನ ಹೆಚ್ಚಿನ ಪಾಲು ಬರೀ ಆಕಾಶ, ಕೆಳಗೆ ಕಪ್ಪು ನೀರು, ದಡದಲ್ಲಿ ಪುಟ್ಟ ಸನ್ಯಾಸಿ. ಅಷ್ಟೇನಾ ಅನ್ನಿಸುತ್ತದೆ, ಅಲ್ವಾ? ಫ್ರೀಡ್ರಿಕ್ ಮೊದಲು ಸಮುದ್ರದಲ್ಲಿ ಹಡಗುಗಳನ್ನೂ ಬರೆದಿದ್ದ, ಆಮೇಲೆ ಅಳಿಸಿಹಾಕಿದ. ಇನ್‌ಫ್ರಾರೆಡ್ ಪರೀಕ್ಷೆಯಲ್ಲಿ ಅವು ಕಂಡವು. ಇದು ಗೊತ್ತಿದ್ದು ನೋಡಿದರೆ ಆ ಖಾಲಿತನ ಬೇರೆಯೇ ಕಾಣುತ್ತದೆ. ಸುಮ್ನೆ ಹತ್ತು ನಿಮಿಷ ನಿಲ್ಲಿ.

ಎರಡನೇ ಮಹಡಿಯಲ್ಲಿ ಫ್ರೆಂಚ್ ಚಿತ್ರಕಾರರು. ಕಟ್ಟಡದ ಮುಂಭಾಗದಲ್ಲಿ ‘ಜರ್ಮನ್ ಕಲೆಗೆ’ ಅಂತ ಕೆತ್ತಿದೆ. ಆದರೆ ನಿರ್ದೇಶಕನಾಗಿ ಬಂದ ಹ್ಯೂಗೊ ಫಾನ್ ಚೂಡಿ 1896ರಲ್ಲೇ ಫ್ರಾನ್ಸಿನ ಮಾನೆಯ ಚಿತ್ರ ತರಿಸಿದ. ಜರ್ಮನ್ ಚಕ್ರವರ್ತಿಗೆ ಇದು ಹಿಡಿಸಲಿಲ್ಲ. ಜಗಳ ಬೆಳೆದು, ಚೂಡಿ 1909ರಲ್ಲಿ ಮ್ಯೂನಿಕ್‌ಗೆ ಹೋದ. ಗಿಡಗಳ ನಡುವೆ ದಂಪತಿ ಇರುವ ಮಾನೆಯ ಆ ಚಿತ್ರದಲ್ಲಿ (1879) ಮುಖ ಬಿಟ್ಟು ಕೈಗಳನ್ನು ನೋಡಿ. ಇಬ್ಬರ ಕೈಯಲ್ಲೂ ಮದುವೆಯ ಉಂಗುರ, ಮುಟ್ಟುವಷ್ಟು ಹತ್ತಿರ, ಆದರೆ ಮುಟ್ಟುವುದಿಲ್ಲ.

ಮೊದಲ ಮಹಡಿಯಲ್ಲಿ ಆಡಾಲ್ಫ್ ಮೆನ್ಸೆಲ್‌ನ ‘ಕಬ್ಬಿಣದ ಕಾರ್ಖಾನೆ’ (1872–75) ಇದೆ. ಎರಡೂವರೆ ಮೀಟರ್ ಅಗಲ. ಎಲ್ಲರ ಕಣ್ಣೂ ನಡುವಿನ ಕಾದ ಕಬ್ಬಿಣಕ್ಕೇ ಹೋಗುತ್ತದೆ. ನೀವು ಮೂಲೆಗಳಿಂದ ಶುರು ಮಾಡಿ: ಎಡಗಡೆ ಮೈ ತೊಳೆಯುತ್ತಿರುವ ಕೂಲಿಗಳು, ಬಲಗಡೆ ಕೆಳಗೆ ಊಟಕ್ಕೆ ಕೂತವರು, ಬುಟ್ಟಿ ತಂದ ಹುಡುಗಿ.

ಚಿತ್ರಗಳು ಆಗಾಗ ಬೇರೆ ಊರಿನ ಪ್ರದರ್ಶನಕ್ಕೆ ಹೋಗಿರುತ್ತವೆ. ಹೊರಡುವ ಮುನ್ನ ವೆಬ್‌ಸೈಟ್ ನೋಡಿ. ಅಲ್ಲೂ ಗೊತ್ತಾಗದಿದ್ದರೆ ಕೌಂಟರ್‌ನಲ್ಲಿ ಕೇಳಿ.