20 ಎಂಎಲ್ ಸಿರಿಂಜಿನಲ್ಲಿ ಮಂಗಳ ಗ್ರಹ

ಬಾದಾಮಿ ತಾಲ್ಲೂಕಿನ ಒಂದು ಹಳ್ಳಿ ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮಾಸ್ತರ. ಎಷ್ಟೋ ವರ್ಷ ಮಕ್ಕಳಿಗೆ ಒಂದೇ ಮಾತು ಹೇಳುತ್ತಾ ಬಂದೆ. ಶುಕ್ರ ವಿಪರೀತ ಬಿಸಿ, ನೀರು ನಿಲ್ಲಲ್ಲ. ಮಂಗಳ ವಿಪರೀತ ಚಳಿ, ನೀರು ಗಡ್ಡೆ ಕಟ್ಟುತ್ತದೆ. ನಡುವೆ ನಮ್ಮ ಭೂಮಿ, ಹದವಾಗಿದೆ. ಹೇಳುವುದಕ್ಕೂ ಸಲೀಸು, ಪರೀಕ್ಷೆಯಲ್ಲಿ ಬರೆಯುವುದಕ್ಕೂ ಸಲೀಸು.

ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಇದನ್ನು ಕೆಡಿಸಿದಳು.

"ಸರ್, ಮಂಗಳದಾಗ ಬ್ಯಾಸಗಿ ಮಧ್ಯಾಹ್ನ 20 ಡಿಗ್ರಿತನಕ ಏರ್ತದಂತ ನೀವ ಹೇಳಿದ್ರಿ. ಮತ್ತ ಅಲ್ಲಿ ಬರ್ಫ ಕರಗಿ ನೀರ ಹರೀಬೇಕಲ್ರಿ?"

"ನಾಳೆ ಹೇಳ್ತೀನಿ, ಕುಂದ್ರವಾ" ಅಂದೆ. ಮಾಸ್ತರರು ಹೀಗಂದರೆ ಉತ್ತರ ಗೊತ್ತಿಲ್ಲ ಅಂತಲೇ ಅರ್ಥ. ಮಕ್ಕಳಿಗೂ ಅದು ಗೊತ್ತು.

ರಾತ್ರಿ ಕೂತು ಓದಿದೆ. ನಾನು ಬಿಟ್ಟಿದ್ದು ಒತ್ತಡವನ್ನು. ನೀರು ನೀರಾಗಿ ಇರಬೇಕಾದರೆ ಅದರ ಮೇಲೆ ಗಾಳಿಯ ಭಾರವೂ ಬೇಕು. ಸಮುದ್ರ ಮಟ್ಟದಲ್ಲಿ ನಮ್ಮ ಗಾಳಿಯ ಒತ್ತಡ 1013 ಮಿಲಿಬಾರ್. ಮಂಗಳದಲ್ಲಿ ಸರಾಸರಿ ಬರೀ 6. ಒತ್ತಡ 6.1ಕ್ಕಿಂತ ಕಡಿಮೆ ಇದ್ದರೆ ಮಂಜುಗಡ್ಡೆ ಕರಗುವುದೇ ಇಲ್ಲ, ಕರ್ಪೂರದ ಹಾಗೆ ನೇರ ಆವಿಯಾಗಿ ಹೋಗುತ್ತದೆ. ನನಗೆ ಅರ್ಥವಾಯಿತು, ಸರಿ. ಆದರೆ "ಮಿಲಿಬಾರ್" ಅಂತ ಬೋರ್ಡಿನ ಮೇಲೆ ಬರೆದರೆ ಆ ಹುಡುಗಿ ಒಪ್ಪುವವಳಲ್ಲ. ತೋರಿಸಬೇಕಿತ್ತು.

ಮೆಡಿಕಲ್ ಶಾಪಿನಿಂದ 20 ಎಂಎಲ್ ಸಿರಿಂಜು ತಂದೆ, ಸೂಜಿ ಇಲ್ಲದೆ. ಬೋರಿನ ನೀರು 5 ಎಂಎಲ್ ಎಳೆದುಕೊಂಡೆ. ಸಿರಿಂಜಿನ ಬಾಯಿಗೆ ಬೆರಳು ಒತ್ತಿ ಹಿಡಿದು ದಟ್ಟೆಯನ್ನು, ಅಂದರೆ ಒಳಗೆ ಸರಿಯುವ ಕೋಲನ್ನು, ಜೋರಾಗಿ ಹಿಂದಕ್ಕೆ ಜಗ್ಗಿದೆ. ಬುಳುಬುಳು ಗುಳ್ಳೆ ಬಂದವು! ಮಕ್ಕಳು ಚಪ್ಪಾಳೆ ತಟ್ಟಿದರು. ನಾನೂ ಉಬ್ಬಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ, "ಬಿಟ್ಟ ಮ್ಯಾಲೂ ಗುಳ್ಳಿ ಹಂಗ ಅದಾವಲ್ರಿ ಸರ್" ಅಂದ. ನೋಡಿದರೆ ಹೌದು. ಆವಿಯ ಗುಳ್ಳೆಯಾಗಿದ್ದರೆ ಕೈ ಬಿಟ್ಟ ಕೂಡಲೇ ಮತ್ತೆ ನೀರಾಗಬೇಕಿತ್ತು. ಇದು ನೀರಿನಲ್ಲಿ ಕರಗಿದ್ದ ಗಾಳಿ, ಅಷ್ಟೇ. ನಮ್ಮ ಚಪ್ಪಾಳೆ ದಂಡ.

ಮರುದಿನ ಬಿಸಿಯೂಟದ ಅಕ್ಕೋರ ಹತ್ತಿರ ಒಂದು ತಂಬಿಗೆ ನೀರು ಇಡಿಸಿದೆ. ಹತ್ತು ನಿಮಿಷ ಕೊತಕೊತ ಕುದಿಸಿದರೆ ಒಳಗಿನ ಗಾಳಿ ಬಹುಪಾಲು ಹೋಗುತ್ತದೆ. ಆಮೇಲೆ ಆರಲು ಬಿಟ್ಟು, ಥರ್ಮಾಮೀಟರ್ 60 ತೋರಿಸಿದಾಗ ಸಿರಿಂಜಿಗೆ ಎಳೆದುಕೊಂಡೆವು. ಮೂತಿ ಮೇಲೆ ಮಾಡಿ ಒಳಗಿದ್ದ ಚೂರುಪಾರು ಗಾಳಿಯನ್ನೂ ಹೊರಗೆ ತಳ್ಳಿದೆವು. ಬೆರಳು ಸುಡುತ್ತದೆ, ಅದಕ್ಕೆ ಪೆನ್ಸಿಲ್ ರಬ್ಬರಿಗೆ ಮೂತಿ ಒತ್ತಿ ಹಿಡಿದೆವು. ಈ ರಬ್ಬರಿನ ಉಪಾಯ ಮಕ್ಕಳದ್ದೇ. ಈಗ ಜಗ್ಗಿದರೆ ನೀರು ನಿಜಕ್ಕೂ ಕುದಿಯಿತು. ಬಿಟ್ಟರೆ ಗುಳ್ಳೆ ಮಾಯ. ಮತ್ತೆ ಜಗ್ಗು, ಮತ್ತೆ ಕುದಿ. ಒಲೆ ಇಲ್ಲ, ಬೆಂಕಿ ಇಲ್ಲ.

60 ಡಿಗ್ರಿ ನೀರು ಕುದಿಯಲು ಒತ್ತಡ ನಮ್ಮ ಗಾಳಿಯ ಐದರಲ್ಲಿ ಒಂದು ಪಾಲಿಗೆ ಇಳಿದರೆ ಸಾಕು. ಜಗ್ಗುವಾಗ ಎರಡು, ಎರಡೂವರೆ ಕಿಲೊ ಎತ್ತಿದ ಹಾಗೆ ಕೈ ಸೋಲುತ್ತದೆ. ಆ ಭಾರ ಸಿರಿಂಜಿನದಲ್ಲ, ಹೊರಗಿನ ಗಾಳಿಯದ್ದು. ಗಾಳಿಗೆ ತೂಕ ಇದೆ ಅಂತ ಹತ್ತು ಸಲ ಪಾಠ ಮಾಡಿದ್ದೆ. ತೋಳು ನೋವಾದಾಗಲೇ ಅವರು ನಂಬಿದ್ದು.

ಮಂಗಳದ ಮೇಲೆ ಒತ್ತಡ ಇನ್ನೂ ಕಡಿಮೆ, ಗಡ್ಡೆ ಕರಗದೆ ನೇರ ಆವಿಯಾಗುತ್ತದೆ. ಇದನ್ನೇ 2008ರಲ್ಲಿ ಫೀನಿಕ್ಸ್ ನೌಕೆ ಕಂಡಿತ್ತು. ಉತ್ತರ ಧ್ರುವದ ಕಡೆ ನೆಲ ಕೆದರಿದಾಗ ಪಗಡೆ ದಾಳದಷ್ಟು ದೊಡ್ಡ ಬಿಳಿ ಚೂರುಗಳು ಸಿಕ್ಕವು. ನಾಲ್ಕು ದಿನದಲ್ಲಿ ಅವು ಇಲ್ಲ. ಕರಗಿದ ಒದ್ದೆಯೂ ಕಾಣಲಿಲ್ಲ. ಉಪ್ಪಾಗಿದ್ದರೆ ಹಾಗೆ ಮಾಯವಾಗುತ್ತಿರಲಿಲ್ಲ, ಅಲ್ವಾ? ಅದು ಮಂಜುಗಡ್ಡೆಯೇ.

ಹುಡುಗಿಗೆ ಇನ್ನೂ ಸಮಾಧಾನ ಇಲ್ಲ. "ಮತ್ತ ಮೊದ್ಲ ನದಿ ಹರೀತಿದ್ವು ಅಂತ ಹೆಂಗ ಹೇಳ್ತಾರ್ರಿ?"

ಇದಕ್ಕೆ ಸಿರಿಂಜು ಬೇಕಿರಲಿಲ್ಲ. ಶನಿವಾರ ಎಲ್ಲರನ್ನೂ ಬಾದಾಮಿ ಬೆಟ್ಟಕ್ಕೆ ಕರೆದುಕೊಂಡು ಹೋದೆ. ಬಂದವರೆಲ್ಲ ಗುಹೆಯ ಶಿಲ್ಪ ನೋಡುತ್ತಾರೆ. ನಾವು ಬಂಡೆಯನ್ನೇ ನೋಡಿದೆವು. ಆ ಕೆಂಪು ಮರಳುಗಲ್ಲಿನಲ್ಲಿ ಓರೆ ಓರೆ ಪದರಗಳಿವೆ, ಕೆಲವು ಕಡೆ ಅಲೆಯಂಥ ಗೆರೆಗಳೂ ಇವೆ. ಒಬ್ಬ ಬಗ್ಗಿ ನೋಡಿ, "ಇದು ಮಲಪ್ರಭಾ ದಂಡಿ ಇದ್ಹಂಗ ಐತಿ" ಅಂದ. ಹೌದು, ನದಿ ಇಳಿದ ಮೇಲೆ ಮರಳಿನ ಮೇಲೆ ಉಳಿಯುವ ಗೆರೆಯೇ ಅದು, ಐವತ್ತು ಕೋಟಿ ವರ್ಷಕ್ಕೂ ಹಳೆಯದು. ಕೆಂಪು ಬಣ್ಣ ಕಬ್ಬಿಣದ ತುಕ್ಕಿನದು. ಮಂಗಳದ ಕೆಂಪೂ ಅದರದ್ದೇ.

ಮಂಗಳದ ಗೇಲ್ ಎಂಬ ಕುಳಿಯಲ್ಲಿ 2012ರಲ್ಲಿ ಇಳಿದ ಕ್ಯೂರಿಯಾಸಿಟಿ ರೋವರ್, ಅಂದರೆ ಗಾಲಿಯ ಮೇಲೆ ಓಡಾಡುವ ಯಂತ್ರ, ಇಂಥವೇ ಗುರುತುಗಳ ಚಿತ್ರ ಕಳಿಸಿದೆ. ಗೆರೆಗಳನ್ನು ಗಾಳಿಯೂ ಮಾಡಬಹುದು ಅಂತ ಮಕ್ಕಳು ವಾದಿಸಿದರು. ಒಳ್ಳೆಯ ವಾದ. ಆದರೆ ಆ ರೋವರ್ ಮೊದಲ ವರ್ಷವೇ ಉರುಟಾದ ಬೆಣಚುಕಲ್ಲುಗಳನ್ನೂ ಕಂಡಿತು. ಅಷ್ಟು ದಪ್ಪ ಕಲ್ಲನ್ನು ಗಾಳಿ ಹೊತ್ತು ಉರುಳಿಸಲಾರದು, ನೀರೇ ಬೇಕು. ಅಂದರೆ ಆಗ ಗಾಳಿ ದಟ್ಟವಾಗಿತ್ತು. ಮಂಗಳಕ್ಕೆ ಈಗ ಭೂಮಿಯಂಥ ಕಾಂತಕ್ಷೇತ್ರ ಇಲ್ಲ. ಸೂರ್ಯನಿಂದ ಬೀಸುವ ಕಣಗಳು ಅದರ ಗಾಳಿಯನ್ನು ಕೆರೆದುಕೊಂಡು ಹೋಗಿವೆ, ಈಗಲೂ ಹೋಗುತ್ತಿವೆ. ಯಾರೋ ಸಿರಿಂಜನ್ನು ನಿಧಾನಕ್ಕೆ ಜಗ್ಗಿದ ಹಾಗೆ.

ಜೀವಿಯ ಪ್ರಶ್ನೆ ಬಂದೇ ಬಂತು. ನೀರಿನ ಗುರುತು ಸಿಕ್ಕಿದೆ, ಜೀವದ್ದು ಖಚಿತವಾಗಿ ಸಿಕ್ಕಿಲ್ಲ ಅಂದೆ. ಎರಡೂ ಒಂದೇ ಅಲ್ಲ. ಜೀವ ಕಲ್ಲಿನಲ್ಲಿ ಹೇಗೆ ಗುರುತು ಬಿಡುತ್ತದೆ ಅಂತ ನೋಡಬೇಕಾದರೂ ನಮ್ಮ ಜಿಲ್ಲೆ ದಾಟಬೇಕಿಲ್ಲ. ಕಲಾದಗಿ ಸೀಮೆಯ ಹಳೆಯ ಡಾಲೊಮೈಟ್ ಬಂಡೆಗಳಲ್ಲಿ ಸ್ಟ್ರೊಮಾಟೊಲೈಟ್‌ಗಳಿವೆ. ಆಳವಿಲ್ಲದ ನೀರಿನಲ್ಲಿ ಸೂಕ್ಷ್ಮಜೀವಿಗಳು ಪದರದ ಮೇಲೆ ಪದರ ಕಟ್ಟಿದ ರಚನೆ ಅದು, ಕೊಯ್ದ ಎಲೆಕೋಸಿನ ಹಾಗೆ ಕಾಣುತ್ತದೆ. ಅದನ್ನು ತೋರಿಸುವ ಟ್ರಿಪ್ ಇನ್ನೂ ಬಾಕಿ ಇದೆ. ಟೆಂಪೋ ಬಾಡಿಗೆ ಹೊಂದುತ್ತಿಲ್ಲ.

ಸಿರಿಂಜನ್ನು ಹುಡುಗಿ ಮನೆಗೆ ಒಯ್ದಳು, ಅವ್ವನಿಗೆ ತೋರಿಸಲು. ಎರಡು ವಾರವಾಯಿತು, ವಾಪಸ್ ಬಂದಿಲ್ಲ. ಕೇಳಿದರೆ, ಅದರಲ್ಲಿ ಈಗ ಆಡಿನ ಮರಿಗೆ ಔಷಧಿ ಕುಡಿಸುತ್ತಿದ್ದಾರಂತೆ.