ಪಂಚಾಯಿತಿ ಸದಸ್ಯರ ಮೇಲೆ ದೂರು ಕೊಡೋ ಮುಂಚೆ ಅಳತೆ ಪುಸ್ತಕ ನೋಡಿ

ನಾನು ನಮ್ಮೂರ ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುವವಳು. ನಮ್ಮ ವಾರ್ಡಿನ ಸದಸ್ಯರ ಮೇಲೆ ಮೊದಲ ಸಲ ದೂರು ಬರೆದಾಗ ಅದು ಮೂರು ಪುಟ ಆಗಿತ್ತು. ಚರಂಡಿ ಅರ್ಧಕ್ಕೆ ನಿಂತಿದ್ದು, ಗ್ರಾಮಸಭೆಯಲ್ಲಿ ನಮ್ಮನ್ನು ಗದರಿದ್ದು, ಮನೆ ಪಟ್ಟಿಯಲ್ಲಿ ತಮ್ಮವರ ಹೆಸರೇ ಸೇರಿಸಿದ್ದು, ಎಲ್ಲ ಬರೆದಿದ್ದೆ. ಹದಿನೆಂಟು ಹೆಂಗಸರು ಸಹಿ ಹಾಕಿದ್ದರು. ನಾಲ್ಕು ತಿಂಗಳಾದರೂ ಉತ್ತರ ಬರಲಿಲ್ಲ. ಹೋಗಿ ಕೇಳಿದೆ. ‘ಅಮ್ಮಾ, ಇದರಲ್ಲಿ ಯಾವುದನ್ನು ಅಂತ ವಿಚಾರಿಸೋದು?’ ಅಂದರು ಗುಮಾಸ್ತರು. ಎರಡನೇ ದೂರು ಒಂದೇ ಪುಟ, ಚರಂಡಿಯದ್ದು ಮಾತ್ರ. ಹದಿನೈದು ದಿನದೊಳಗೆ ಎಂಜಿನಿಯರ್ ಟೇಪ್ ಹಿಡಿದು ನಮ್ಮ ಬೀದಿಗೆ ಬಂದರು.

ಆ ಎರಡನೇ ದೂರು ಹೇಗೆ ತಯಾರಾಯಿತು ಅಂತ ಹೇಳುತ್ತೇನೆ.

ಮೊದಲು, ಯಾರ ಕೈಯಲ್ಲಿ ಏನಿದೆ ಅಂತ ತಿಳಿದಿರಬೇಕು. ಚುನಾಯಿತ ಸದಸ್ಯರನ್ನು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ತೆಗೆಯಲಾರರು. ತಾಲ್ಲೂಕು ಪಂಚಾಯಿತಿಯ ಇಒ (ಕಾರ್ಯನಿರ್ವಾಹಕ ಅಧಿಕಾರಿ) ಕೂಡ ತೆಗೆಯಲಾರರು. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆ, 1993ರ ಕಲಂ 43(ಎ) ಪ್ರಕಾರ, ದುರ್ನಡತೆಗಾಗಿ ಸದಸ್ಯರನ್ನು ತೆಗೆಯುವ ಅಧಿಕಾರ ಸರ್ಕಾರದ್ದು. ಅಧ್ಯಕ್ಷ, ಉಪಾಧ್ಯಕ್ಷರಾದರೆ ಕಲಂ 48(4). ಎರಡರಲ್ಲೂ ಆ ವ್ಯಕ್ತಿಗೆ ತನ್ನ ಮಾತು ಹೇಳಲು ಅವಕಾಶ ಕೊಡಲೇಬೇಕು. ಅದಕ್ಕೇ ಇದು ತಿಂಗಳುಗಟ್ಟಲೆ ಹಿಡಿಯುತ್ತದೆ. ಇಒ ಸ್ಥಳ ನೋಡಿ ವರದಿ ಕೊಡುತ್ತಾರೆ, ಜಿಲ್ಲಾ ಪಂಚಾಯಿತಿ ಸಿಇಒ (ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ) ಅದನ್ನು ಮೇಲಕ್ಕೆ ಕಳಿಸುತ್ತಾರೆ. ಪಿಡಿಒ, ಬಿಲ್ ಕಲೆಕ್ಟರ್ ಮೇಲಿನ ದೂರಿನ ದಾರಿಯೇ ಬೇರೆ, ಅವರು ನೌಕರರು. ಸದಸ್ಯರನ್ನೂ ನೌಕರರನ್ನೂ ಒಂದೇ ಅರ್ಜಿಯಲ್ಲಿ ಸೇರಿಸಬೇಡಿ. ಕಡತ ಎರಡು ಟೇಬಲ್ ಮಧ್ಯೆ ಸಿಕ್ಕಿಕೊಳ್ಳುತ್ತದೆ. ಪುರಸಭೆ, ನಗರಸಭೆಯವರಿಗೆ 1964ರ ಪುರಸಭೆಗಳ ಕಾಯ್ದೆ ಇದೆ, ಆದರೆ ದಾಖಲೆ ಹಿಡಿಯುವ ಕೆಲಸ ಅಲ್ಲೂ ಇದೇ.

ಅವಿಶ್ವಾಸ ನಿರ್ಣಯ ಅನ್ನೋದು ಬೇರೆ ವಿಷಯ. ಅದು ಅಧ್ಯಕ್ಷ, ಉಪಾಧ್ಯಕ್ಷರ ಮೇಲೆ ಸದಸ್ಯರೇ ತರುವಂಥದ್ದು. ನಾವು ಊರಿನವರು ಅದನ್ನು ಕೇಳಿ ಪ್ರಯೋಜನವಿಲ್ಲ.

ಈಗ ದಾಖಲೆಯ ವಿಷಯ. ನನ್ನ ಪ್ರಕಾರ ಮುಕ್ಕಾಲು ಕೆಲಸ ಇಲ್ಲೇ ಇದೆ. ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದ ಅರ್ಜಿಯನ್ನು ಪಿಡಿಒ ಅವರಿಗೇ ಕೊಡಬೇಕು. ಬಿಪಿಎಲ್ ಕಾರ್ಡ್ ಇದ್ದರೆ ಶುಲ್ಕವಿಲ್ಲ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ‘ಎಲ್ಲ ಕಾಮಗಾರಿಗಳ ಮಾಹಿತಿ ಕೊಡಿ’ ಅಂತ ಬರೆದರೆ ಸುಮ್ನೆ ಸತಾಯಿಸುತ್ತಾರೆ. ನಾನು ಕೇಳಿದ್ದು ಆ ಒಂದು ಚರಂಡಿಯ ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಪುಟ, ಬಿಲ್ಲು, ಹಣ ಪಾವತಿಯ ವೋಚರ್, ಮತ್ತು ಅದಕ್ಕೆ ಒಪ್ಪಿಗೆ ಕೊಟ್ಟ ಸಭೆಯ ನಡವಳಿ. 30 ದಿನದಲ್ಲಿ ಕೊಡದಿದ್ದರೆ ಮೊದಲ ಮೇಲ್ಮನವಿ ಹಾಕಿ. ನನಗೆ ಮೇಲ್ಮನವಿ ಹಾಕಿದ ಮೇಲೆಯೇ ಸಿಕ್ಕಿದ್ದು.

ಅಳತೆ ಪುಸ್ತಕ ತುಂಬ ಮುಖ್ಯ. ಎಂ.ಬಿ. ಅಂತಾರಲ್ಲ, ಅದೇ, ಆದ ಕೆಲಸವನ್ನು ಅಳೆದು ಬರೆದಿಡುವ ಪುಸ್ತಕ. ಅದರಲ್ಲಿ 62 ಮೀಟರ್ ಅಂತ ಬರೆದಿತ್ತು. ನಾನು ಮತ್ತು ಸಂಘದ ಇಬ್ಬರು ಟೈಲರ್ ಟೇಪ್ ಜೋಡಿಸಿ ಅಳೆದಾಗ 41 ಮೀಟರ್. ವೋಚರಿನಲ್ಲಿ ಹಣ ಪಡೆದವರ ಹೆಸರು ಸದಸ್ಯರ ತಮ್ಮನದು, ವಿಳಾಸ ಸದಸ್ಯರ ಮನೆಯದೇ. ಪಂಚಾಯಿತಿ ಕೆಲಸದಲ್ಲಿ ನೇರವಾಗಿಯೋ ಪರೋಕ್ಷವಾಗಿಯೋ ಪಾಲು ಇದ್ದರೆ ಸದಸ್ಯರಾಗಿರಲು ಅನರ್ಹರು ಅಂತ ಕಲಂ 12 ಹೇಳುತ್ತದೆ. ಆದರೆ ತಮ್ಮನ ಹೆಸರಿದ್ದ ಮಾತ್ರಕ್ಕೆ ಸದಸ್ಯರಿಗೆ ಪಾಲಿದೆ ಅಂತ ಆಗೋದಿಲ್ಲ. ಆದ್ದರಿಂದ ನಾವು ‘ಲೂಟಿ ಮಾಡಿದ್ದಾರೆ’ ಅಂತ ಬರೆಯಲಿಲ್ಲ. ಹೀಗೆ ಬರೆದೆವು:

‘ಅಳತೆ ಪುಸ್ತಕದಲ್ಲಿ 62 ಮೀಟರ್ ಎಂದಿದೆ, ಸ್ಥಳದಲ್ಲಿ 41 ಮೀಟರ್ ಇದೆ. ಹಣ ಪಡೆದವರ ವಿಳಾಸವೂ ಮಾನ್ಯ ಸದಸ್ಯರ ವಿಳಾಸವೂ ಒಂದೇ ಆಗಿದೆ. ಈ ಕೆಲಸದಲ್ಲಿ ಸದಸ್ಯರಿಗೆ ಪಾಲಿದೆಯೇ ಎಂದು ವಿಚಾರಣೆ ಮಾಡಿ, ಕಾಯ್ದೆಯಂತೆ ಕ್ರಮ ಕೈಗೊಳ್ಳಬೇಕಾಗಿ ಕೋರುತ್ತೇವೆ.’

ಇಷ್ಟೇ. ಕೆಳಗೆ ಲಗತ್ತುಗಳ ಪಟ್ಟಿ, ಪ್ರತಿ ಪುಟಕ್ಕೂ ಸಂಖ್ಯೆ. ಗದರಿದ್ದು, ಬೈದಿದ್ದು ನೋವಿನ ವಿಷಯವೇ, ನನಗೆ ಇವತ್ತೂ ನೋವಿದೆ. ಆದರೆ ಅದು ಈ ಅರ್ಜಿಯಲ್ಲಿ ಬೇಡ. ಜಾತಿ ಹಿಡಿದು ಬೈದಿದ್ದರೆ, ಕೈ ಮಾಡಿದ್ದರೆ, ಅದಕ್ಕೆ ಪೊಲೀಸ್ ಠಾಣೆ. ಕೆಲಸ ಮಾಡಿಕೊಡಲು ದುಡ್ಡು ಕೇಳುತ್ತಿದ್ದರೆ, ಕೊಡುವ ಮುಂಚೆಯೇ ಲೋಕಾಯುಕ್ತ ಪೊಲೀಸರ ಹತ್ತಿರ ಹೋಗಿ.

ವಿಳಾಸ ಸಿಇಒ ಅವರದ್ದು ಹಾಕಿ, ಪ್ರತಿ ಇಒ ಅವರಿಗೆ. ಕೈಯಲ್ಲಿ ಕೊಡೋದಾದರೆ ಟಪಾಲು ವಿಭಾಗದಲ್ಲೇ ಕೊಡಿ. ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು, ಸಹಿ ಬೀಳುವ ತನಕ ಅಲ್ಲಿಂದ ಕದಲಬೇಡಿ. ‘ಆಮೇಲೆ ಹಾಕಿಕೊಡ್ತೀವಿ’ ಅಂದರೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ. ಒಂದು ವಾರ ಬಿಟ್ಟು ಹೋಗಿ ಕಡತ ಸಂಖ್ಯೆ ಕೇಳಿ ಬರೆದುಕೊಳ್ಳಿ. ಆ ಸಂಖ್ಯೆ ಇಲ್ಲದೆ ಫೋನ್ ಮಾಡಿದರೆ ಯಾರೂ ಏನೂ ಹೇಳೋದಿಲ್ಲ.

ಇಲ್ಲಿ ಕೆಲಸ ಆಗದಿದ್ದರೆ ಲೋಕಾಯುಕ್ತರಿಗೆ ದೂರು ಕೊಡಬಹುದು. ಅದಕ್ಕೆ ನಮೂನೆ 1 ಮತ್ತು ಪ್ರಮಾಣಪತ್ರಕ್ಕೆ (ಅಫಿಡವಿಟ್) ನಮೂನೆ 2 ಬೇಕು. ಘಟನೆ ನಡೆದು 5 ವರ್ಷ ದಾಟಿದ್ದರೆ ತೆಗೆದುಕೊಳ್ಳೋದಿಲ್ಲ. ಪ್ರಮಾಣ ಮಾಡಿ ಬರೆಯುವ ದೂರು ಅದು. ಸುಳ್ಳು ಅಂತ ಗೊತ್ತಿದ್ದೂ ಬರೆದರೆ ನಮಗೇ ಶಿಕ್ಷೆ ಆಗಬಹುದು. ಕಂಡಿದ್ದು ಎಷ್ಟೋ ಅಷ್ಟೇ ಬರೆಯಿರಿ.

ಸ್ಥಳ ಪರಿಶೀಲನೆಗೆ ಬರುವ ದಿನ ಒಬ್ಬರೇ ನಿಲ್ಲಬೇಡಿ. ನಾವು ಏಳು ಜನ ಇದ್ದೆವು. ಸದಸ್ಯರೂ ಬಂದಿದ್ದರು, ಅವರ ತಮ್ಮನೂ ಬಂದಿದ್ದ. ಯಾರೂ ಜೋರು ಮಾತಾಡಲಿಲ್ಲ. ಟೇಪು 41ಕ್ಕೆ ನಿಂತಾಗ ಎಂಜಿನಿಯರ್ ಬರೆದುಕೊಂಡರು, ನಾವು ಓದಿ ನೋಡಿ ಸಹಿ ಮಾಡಿದೆವು. ಖಾಲಿ ಹಾಳೆಗೆ, ಓದದ ಹಾಳೆಗೆ ಸಹಿ ಮಾಡಲೇಬೇಡಿ. ಆ ವರದಿಯ ಪ್ರತಿಯನ್ನೂ ನಾನು ಆಮೇಲೆ ಮಾಹಿತಿ ಹಕ್ಕಿನಲ್ಲೇ ತೆಗೆದುಕೊಂಡೆ.

ಸದಸ್ಯರ ಮನೆ ನಮ್ಮ ಮನೆಯಿಂದ ಆರನೆಯದು. ಅವರ ಹೆಂಡತಿ ನಮ್ಮ ಸಂಘದಲ್ಲೇ ಉಳಿತಾಯ ಕಟ್ಟುತ್ತಾರೆ. ದೂರು ಕೊಟ್ಟ ವಾರವೇ ನಾನು ಅವರ ಮನೆಗೆ ಹೋಗಿ, ‘ಅಕ್ಕಾ, ಇದು ಚರಂಡಿ ಲೆಕ್ಕದ್ದು, ನಿಮ್ಮ ಮೇಲಿನ ಸಿಟ್ಟಲ್ಲ’ ಅಂತ ಹೇಳಿ ಬಂದೆ. ಈಗಲೂ ಪ್ರತಿ ಮಂಗಳವಾರ ಅವರ ಪಾಸ್‌ಬುಕ್ ನಾನೇ ಬರೆಯುತ್ತೇನೆ.

ಉಳಿದ 21 ಮೀಟರ್ ಚರಂಡಿ ಕಳೆದ ಮಳೆಗಾಲಕ್ಕೆ ಮುಂಚೆ ಪೂರ್ತಿ ಆಯಿತು. ಸದಸ್ಯತ್ವದ ಕಡತ ಬೆಂಗಳೂರಿಗೆ ಹೋಗಿದೆ, ಆದೇಶ ಇನ್ನೂ ಬಂದಿಲ್ಲ. ತಿಂಗಳ ಮೊದಲ ಸೋಮವಾರ ಕಡತ ಸಂಖ್ಯೆ ಹೇಳಿ ಫೋನ್ ಮಾಡಿ ಕೇಳುತ್ತೇನೆ. ಯಾರು ಮಾತಾಡಿದರು, ಏನು ಹೇಳಿದರು ಅಂತ ಸಂಘದ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಡುತ್ತೇನೆ.