ಕ್ಲೌಡ್‌ನ ವರ್ಚುವಲ್ ಮೆಷಿನ್ ಇಮೇಜನ್ನು ಕಂಟೇನರ್ ಇಮೇಜಾಗಿಸುವ ಬಗೆ

ವರ್ಚುವಲ್ ಮೆಷಿನ್ ಎಂದರೆ ತಂತ್ರಾಂಶದಿಂದ ಸೃಷ್ಟಿಸಿದ ಕಂಪ್ಯೂಟರ್; ಅದರ ಇಮೇಜ್ ಎಂದರೆ ಇಡೀ ಡಿಸ್ಕಿನ ಪ್ರತಿ. ಪಾರ್ಟಿಷನ್ ಟೇಬಲ್, ಬೂಟ್‌ಲೋಡರ್, ಕರ್ನಲ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು), ಅದರ ಮಾಡ್ಯೂಲ್‌ಗಳು ಎಲ್ಲವೂ ಅದರೊಳಗಿರುತ್ತವೆ. ಕಂಟೇನರ್ ಎಂದರೆ ಒಂದು ಪ್ರೋಗ್ರಾಮನ್ನು ಅದಕ್ಕೆ ಬೇಕಾದ ಕಡತಗಳೊಂದಿಗೆ ಪ್ರತ್ಯೇಕವಾಗಿ ಓಡಿಸುವ ಬಗೆ. ಕಂಟೇನರ್ ಇಮೇಜಿನಲ್ಲಿ ಇರುವುದಾದರೋ ಟಾರ್ ರೂಪದ (ಹಲವು ಕಡತಗಳನ್ನು ಒಂದೇ ಕಡತವಾಗಿ ಕಟ್ಟಿದ) ಕೆಲವು ಪದರಗಳು ಮತ್ತು ಯಾವ ಪ್ರೋಗ್ರಾಮನ್ನು ಓಡಿಸಬೇಕೆಂದು ತಿಳಿಸುವ ಒಂದು ಜೇಸನ್ ಕಡತ ಮಾತ್ರ; ಕರ್ನಲ್ಲನ್ನು ಅದು ತಾನು ಓಡುವ ಯಂತ್ರದಿಂದಲೇ ಪಡೆಯುತ್ತದೆ. ಸ್ವಂತ ಬೋರ್‌ವೆಲ್ಲು, ಸಂಪು, ಮೋಟಾರು ಇದ್ದ ಮನೆಯನ್ನು ಬಿಟ್ಟು ಅಪಾರ್ಟ್‌ಮೆಂಟಿಗೆ ಹೋಗುವವರು ಮೋಟಾರನ್ನು ಕಳಚಿಕೊಂಡು ಹೋಗುವುದಿಲ್ಲ. ಹಾಗಾಗಿ ಈ ಕೆಲಸದ ಬಹುಪಾಲು ಯಾವ ಸಾಮಾನನ್ನು ಒಯ್ಯಬೇಕು, ಯಾವುದನ್ನು ಬಿಡಬೇಕು ಎಂಬ ಆಯ್ಕೆಯಲ್ಲೇ ಕಳೆಯುತ್ತದೆ.

ರಾಜಾಜಿನಗರದ ಒಂದು ಕಲ್ಯಾಣ ಮಂಟಪದ ಬುಕಿಂಗ್ ತಂತ್ರಾಂಶವನ್ನು ನಾನು ಹೀಗೆ ಸಾಗಿಸಿದ್ದರಿಂದ ಅದನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ. ಅದು ಅಮೆಜಾನ್‌ನ ಕ್ಲೌಡ್ ಸೇವೆಯ ಮುಂಬೈ ವಲಯದಲ್ಲಿ, ಉಬುಂಟು (ಒಂದು ಬಗೆಯ ಲಿನಕ್ಸ್) ಇದ್ದ ಯಂತ್ರವೊಂದರಲ್ಲಿತ್ತು. ಅಮೆಜಾನ್‌ನಲ್ಲಿ ಇಮೇಜನ್ನು ವಿಎಂಡಿಕೆ, ವಿಎಚ್‌ಡಿ ಅಥವಾ ರಾ ರೂಪದಲ್ಲಿ ಎಸ್3 ಬಕೆಟ್ಟಿಗೆ (ಕಡತಗಳನ್ನಿಡುವ ಅದರ ಸಂಗ್ರಹಕ್ಕೆ) ರಫ್ತು ಮಾಡುವ ಸೌಲಭ್ಯವಿದೆಯಾದರೂ, ಡಿಸ್ಕಿನ ಸ್ನ್ಯಾಪ್‌ಶಾಟ್ (ಆ ಗಳಿಗೆಯ ಪ್ರತಿ) ತೆಗೆದು, ಅದರಿಂದ ಹೊಸ ವಾಲ್ಯೂಮ್ (ಡಿಸ್ಕ್) ಮಾಡಿ, ಅದೇ ವಲಯದ ಇನ್ನೊಂದು ಸಣ್ಣ ಸಹಾಯಕ ಯಂತ್ರಕ್ಕೆ ಜೋಡಿಸುವುದು ನನಗೆ ಮೇಲೆನಿಸುತ್ತದೆ. ಇಡೀ ಡಿಸ್ಕನ್ನು ಬೆಂಗಳೂರಿಗೆ ಇಳಿಸಿಕೊಂಡರೆ ಹೊತ್ತೂ ಹೋಗುತ್ತದೆ, ಹೊರಹೋಗುವ ಡೇಟಾಗೆ ಶುಲ್ಕವೂ ಬೀಳುತ್ತದೆ.

ನಿಮ್ಮ ಕೈಯಲ್ಲಿರುವುದು ಕಡತವೇ ಆಗಿದ್ದರೆ, ಮೊದಲು ಕ್ಯೂಇಎಂಯು-ಇಮೇಜ್ ಉಪಕರಣದ ಇನ್ಫೋ ಆದೇಶದಿಂದ ಅದರ ನಿಜವಾದ ರೂಪವನ್ನು ನೋಡಿ. ಉಬುಂಟು ಕ್ಲೌಡ್ ಇಮೇಜುಗಳ ಹೆಸರು ಐಎಂಜಿ ಎಂದು ಮುಗಿದರೂ ಒಳಗಿರುವುದು ಕ್ಯೂಕೌ2 ಎಂಬ ಡಿಸ್ಕ್ ರೂಪ. ಗೆಸ್ಟ್‌ಮೌಂಟ್ ಉಪಕರಣವು ಎಲ್‌ವಿಎಂ (ಡಿಸ್ಕಿನ ಜಾಗವನ್ನು ಹಂಚುವ ಲಿನಕ್ಸ್ ವ್ಯವಸ್ಥೆ) ಇದ್ದರೂ ತಾನೇ ಪತ್ತೆಹಚ್ಚಿ ಮೌಂಟ್ ಮಾಡಿಕೊಡುತ್ತದೆ, ಅಂದರೆ ಒಳಗಿನ ಕಡತಗಳು ಒಂದು ಫೋಲ್ಡರಿನಲ್ಲಿ ಕಾಣುವಂತೆ ಜೋಡಿಸುತ್ತದೆ. ಯಾವ ದಾರಿ ಹಿಡಿದರೂ ಓದಲು ಮಾತ್ರ ಎಂಬ ಆಯ್ಕೆಯೊಂದಿಗೇ ಮೌಂಟ್ ಮಾಡಿ. ಎಕ್ಸ್‌ಎಫ್‌ಎಸ್ ಫೈಲ್ ಸಿಸ್ಟಂ ಆಗಿದ್ದು, ಸಹಾಯಕ ಯಂತ್ರವೂ ಅದೇ ಮೂಲ ಇಮೇಜಿನಿಂದ ಹುಟ್ಟಿದ್ದರೆ, ಎರಡಕ್ಕೂ ಒಂದೇ ಯುಯುಐಡಿ (ಫೈಲ್ ಸಿಸ್ಟಂನ ಗುರುತಿನ ಸಂಖ್ಯೆ) ಇರುವುದರಿಂದ ಮೌಂಟ್ ವಿಫಲವಾಗುತ್ತದೆ. ಆಗ ನೋಯುಯುಐಡಿ ಆಯ್ಕೆಯನ್ನು ಸೇರಿಸಬೇಕು.

ಬಿಡಬೇಕಾದವುಗಳಲ್ಲಿ ಬೂಟ್ ಫೋಲ್ಡರು, ಕರ್ನಲ್ ಮಾಡ್ಯೂಲ್‌ಗಳು, ಫರ್ಮ್‌ವೇರ್, ಸ್ವಾಪ್ ಕಡತ, ಆಪ್ಟ್‌ನ (ಉಬುಂಟುವಿನ ಪ್ಯಾಕೇಜ್ ಸ್ಥಾಪಕದ) ಸಂಗ್ರಹ ಮತ್ತು ಹಳೆಯ ಲಾಗ್‌ಗಳು ಜಾಗ ತಿನ್ನುವಂಥವು. ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗುವ ವ್ಯವಸ್ಥೆ) ಹೋಸ್ಟ್ ಕೀಗಳು, ರೂಟ್ ಬಳಕೆದಾರನ ಕೀಗಳು, ಕ್ಲೌಡ್-ಇನಿಟ್ (ಯಂತ್ರ ಮೊದಲು ಏಳುವಾಗ ಅದನ್ನು ಸಜ್ಜುಗೊಳಿಸುವ ಉಪಕರಣ) ಬಿಟ್ಟುಹೋದ ಯೂಸರ್-ಡೇಟಾ, ಶೆಲ್ ಹಿಸ್ಟರಿ, ಇವು ಅಪಾಯ ತರುವಂಥವು. ಯಾರೋ ಒಮ್ಮೆ ಟೈಪ್ ಮಾಡಿದ ಡೇಟಾಬೇಸ್ ಪಾಸ್‌ವರ್ಡ್ ಹಿಸ್ಟರಿಯಲ್ಲಿ ಹಾಗೇ ಉಳಿದಿರುತ್ತದೆ. ಇವನ್ನೆಲ್ಲ ಟಾರ್ ಮಾಡುವಾಗಲೇ ಹೊರಗಿಡಬೇಕು. ಇಮೇಜ್ ಸಿದ್ಧವಾದ ಮೇಲೆ ಡಾಕರ್‌ಫೈಲಿನಲ್ಲಿ (ಕಂಟೇನರ್ ಇಮೇಜುಗಳನ್ನು ಕಟ್ಟಿ ಓಡಿಸುವ ಡಾಕರ್ ಉಪಕರಣದ ಸೂಚನೆಗಳ ಕಡತದಲ್ಲಿ) ಅಳಿಸುವ ಸಾಲನ್ನು ಬರೆದರೆ, ಮೇಲಿನ ಪದರದಲ್ಲಿ ಕಡತ ಮರೆಯಾಗುತ್ತದೆಯೇ ಹೊರತು ಕೆಳಗಿನ ಪದರದಲ್ಲಿ ಉಳಿದೇ ಇರುತ್ತದೆ, ಇಮೇಜ್ ಸಿಕ್ಕವರು ಅದನ್ನು ತೆಗೆದು ಓದಬಹುದು.

ಟಾರ್ ಆದೇಶಕ್ಕೆ ನ್ಯೂಮೆರಿಕ್-ಓನರ್ ಮತ್ತು ಎಕ್ಸ್‌ಆಟ್ರ್ಸ್ ಆಯ್ಕೆಗಳನ್ನು ಕೊಡಿ. ಮೊದಲನೆಯದನ್ನು ಮರೆತರೆ ಕಡತಗಳ ಒಡೆತನ ಹೆಸರಿನ ಮೇಲೆ ಹೊಂದಿಕೆಯಾಗಿ ಕಲಸುಮೇಲೋಗರವಾಗಬಹುದು. ಎರಡನೆಯದನ್ನು ಮರೆತರೆ ಪ್ರೋಗ್ರಾಮುಗಳಿಗೆ ಕೊಟ್ಟಿದ್ದ ವಿಶೇಷ ಅಧಿಕಾರಗಳು ಕಳೆದುಹೋಗುತ್ತವೆ. ಆ ಟಾರನ್ನು ಪೈಪಿನ ಮೂಲಕ ನೇರವಾಗಿ ಡಾಕರ್ ಇಂಪೋರ್ಟ್ ಆದೇಶಕ್ಕೆ ಹರಿಸಿದರೆ ಒಂದೇ ಪದರದ ಇಮೇಜ್ ಸಿದ್ಧವಾಗುತ್ತದೆ. ಮೂಲ ಯಂತ್ರ ಆರ್ಮ್ ಪ್ರೊಸೆಸರಿನದಾಗಿದ್ದು, ಇಂಪೋರ್ಟ್ ಮಾಡುವ ಯಂತ್ರ ಇಂಟೆಲ್‌ನದಾಗಿದ್ದರೆ ಪ್ಲಾಟ್‌ಫಾರ್ಮ್ ಆಯ್ಕೆಯನ್ನು ಸ್ಪಷ್ಟವಾಗಿ ಕೊಡಬೇಕು.

ಈಗ ಅದನ್ನು ಓಡಿಸಲು ಹೋದರೆ, ಯಾವ ಆದೇಶವನ್ನೂ ಸೂಚಿಸಿಲ್ಲ ಎಂಬ ದೂರು ಬರುತ್ತದೆ. ಹಳೆಯ ಯಂತ್ರದಲ್ಲಿ ಎಲ್ಲವನ್ನೂ ಎಬ್ಬಿಸುತ್ತಿದ್ದುದು ಸಿಸ್ಟಂಡಿ ಎಂಬ ಸೇವೆಗಳ ಮೇಲ್ವಿಚಾರಕ. ಇಲ್ಲಿ ಅದು ಓಡುವುದಿಲ್ಲ. ನಿಮ್ಮ ಸೇವೆಯ ಯುನಿಟ್ ಕಡತವನ್ನು ತೆರೆದು, ಅದರಲ್ಲಿರುವ ಎಕ್ಸೆಕ್‌ಸ್ಟಾರ್ಟ್, ಯೂಸರ್, ವರ್ಕಿಂಗ್ ಡೈರೆಕ್ಟರಿ ಮತ್ತು ಎನ್ವಿರಾನ್‌ಮೆಂಟ್ ಸಾಲುಗಳನ್ನು ಒಂದೊಂದಾಗಿ ಡಾಕರ್‌ಫೈಲಿಗೆ ಇಳಿಸಬೇಕು. ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರಿನಂತೆ ತಾನಾಗಿ ಹಿನ್ನೆಲೆಗೆ ಸರಿಯುವ ಪ್ರೋಗ್ರಾಮಾದರೆ ಡೀಮನ್ ಆಫ್ ಎಂದು ಹೇಳಿ ಮುಂದೆಯೇ ನಿಲ್ಲಿಸಿಕೊಳ್ಳಬೇಕು, ಇಲ್ಲವಾದರೆ ಕಂಟೇನರ್ ಎದ್ದ ಕ್ಷಣವೇ ಮಲಗುತ್ತದೆ. ಡಾಕರ್‌ನಂಥದೇ ಉಪಕರಣವಾದ ಪಾಡ್‌ಮ್ಯಾನ್‌ನಲ್ಲಿ ಸಿಸ್ಟಂಡಿಯನ್ನೇ ಓಡಿಸಬಹುದು ನಿಜ. ಒಂದರೊಳಗೆ ನಾಲ್ಕಾರು ಸೇವೆಗಳು ಬಿಡಿಸಲಾಗದಂತೆ ಹೆಣೆದುಕೊಂಡಿದ್ದರೆ ಮಾತ್ರ ನಾನು ಆ ದಾರಿ ಹಿಡಿಯುತ್ತೇನೆ.

ನಾನು ಎಡವಿದ್ದು ಕ್ರಾನ್‌ನಲ್ಲಿ, ಅಂದರೆ ನಿಗದಿತ ಹೊತ್ತಿಗೆ ಕೆಲಸಗಳನ್ನು ತಾನಾಗಿ ಓಡಿಸುವ ವ್ಯವಸ್ಥೆಯಲ್ಲಿ. ಬುಕಿಂಗ್ ಪುಟ ಚೆನ್ನಾಗಿ ತೆರೆದುಕೊಳ್ಳುತ್ತಿತ್ತು, ರಸೀದಿಯೂ ಬರುತ್ತಿತ್ತು, ನಾನು ಕೈತೊಳೆದುಕೊಂಡಿದ್ದೆ. "ಸಾರ್, ಮೂರು ದಿನದಿಂದ ರಾತ್ರಿ ಲೆಕ್ಕ ಮೇಲ್‌ಗೆ ಬರ್ತಾನೇ ಇಲ್ವಲ್ಲ" ಎಂದು ಮಂಟಪದ ಮ್ಯಾನೇಜರು ಫೋನ್ ಮಾಡಿದಾಗಲೇ ನನಗೆ ಹೊಳೆದದ್ದು. ಈಟಿಸಿಯ ಕ್ರಾನ್ ಫೋಲ್ಡರುಗಳನ್ನು ನೋಡಿದ್ದೆನಾದರೂ ಸ್ಪೂಲ್‌ನೊಳಗಿನ ರೂಟ್‌ನ ಸ್ವಂತ ಕ್ರಾನ್‌ಟ್ಯಾಬನ್ನು (ಕ್ರಾನ್ ಕೆಲಸಗಳ ಪಟ್ಟಿಯನ್ನು) ನೋಡಿರಲಿಲ್ಲ. ಎರಡನ್ನೂ, ಜೊತೆಗೆ ಸಿಸ್ಟಂಡಿ ಟೈಮರುಗಳನ್ನೂ, ಹಳೆಯ ಯಂತ್ರ ಇನ್ನೂ ಓಡುತ್ತಿರುವಾಗಲೇ ಪಟ್ಟಿ ಮಾಡಿಕೊಳ್ಳಿ. ಆ ಕೆಲಸಗಳನ್ನು ಹೋಸ್ಟ್‌ನ ಕ್ರಾನ್‌ನಿಂದಲೋ, ಕುಬರ್ನೆಟೀಸ್ (ಹಲವು ಕಂಟೇನರುಗಳನ್ನು ನಿರ್ವಹಿಸುವ ವ್ಯವಸ್ಥೆ) ಇದ್ದರೆ ಕ್ರಾನ್‌ಜಾಬ್‌ನಿಂದಲೋ ಓಡಿಸಬಹುದು.

ಸಿಸ್‌ಸಿಟಿಎಲ್ ಕಡತದಲ್ಲಿ ಬರೆದಿಟ್ಟ ಕರ್ನಲ್ ಹೊಂದಿಕೆಗಳು ಕಂಟೇನರಿನೊಳಗೆ ತಾವಾಗಿ ಜಾರಿಗೆ ಬರುವುದಿಲ್ಲ. ಡೇಟಾಬೇಸಿನ ಕಡತಗಳನ್ನು ಇಮೇಜಿನಲ್ಲಿ ಇಡದೆ, ಡಂಪ್ (ಡೇಟಾದ ರಫ್ತು ಪ್ರತಿ) ತೆಗೆದು ಪ್ರತ್ಯೇಕ ವಾಲ್ಯೂಮಿಗೆ ಹಾಕಿ. ಸ್ನ್ಯಾಪ್‌ಶಾಟ್‌ನೊಳಗಿರುವುದು ಆ ಗಳಿಗೆಯ ಡೇಟಾ, ಬದಲಾವಣೆಯ ದಿನದ ಹೊತ್ತಿಗೆ ಅದು ಹಳತಾಗಿರುತ್ತದೆ.

ಇಷ್ಟಾದ ಮೇಲೂ ಸಿಗುವುದು ದಪ್ಪನೆಯ ಇಮೇಜೇ. ಅದರೊಳಗೆ ಆಪ್ಟ್-ಮಾರ್ಕ್‌ನ ಶೋಮ್ಯಾನ್ಯುಯಲ್ ಆದೇಶವನ್ನು ಓಡಿಸಿದರೆ, ಅವಲಂಬನೆಯಾಗಿ ಬಂದವುಗಳನ್ನು ಬಿಟ್ಟು, ಬೇಕೆಂದೇ ಸ್ಥಾಪಿಸಿದ ಪ್ಯಾಕೇಜುಗಳ ಪಟ್ಟಿ ಸಿಗುತ್ತದೆ. ಅದರಲ್ಲಿ ಮೂಲ ಉಬುಂಟುವಿನದೇ ಆದ ಹೆಸರುಗಳನ್ನು ಹೊಡೆದುಹಾಕಿ, ಉಳಿದವುಗಳಿಂದ ಉಬುಂಟುವಿನ ಅಧಿಕೃತ ಮೂಲ ಇಮೇಜಿನ ಮೇಲೆ ಹೊಸ ಡಾಕರ್‌ಫೈಲ್ ಬರೆಯಲು ತೊಡಗಬಹುದು.